ಎಡಮರೆ

"ಸರ, ತಡೀರಿ, ತಡೀರಿ! ಅದು ಎಡಮರೆ ಐತಿ!"

ಪಾನಾದ ಮೇಲೆ ನನ್ನ ಮೈಭಾರವೆಲ್ಲ ಬಿದ್ದಿದೆ. ಅಂಗೈ ಉರಿಯುತ್ತಿದೆ, ಕ್ರ್ಯಾಂಕಿನ ಅಚ್ಚು ಕೂರುವ ಕಪ್ ಮಾತ್ರ ಕೂದಲೆಳೆಯಷ್ಟೂ ಮಿಸುಕಿಲ್ಲ. ಪಂಚರ್ ಹುಡುಕಲು ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ ಕೂತಿದ್ದ ಚಾಚಾ ಅದನ್ನು ಅಲ್ಲೇ ಬಿಟ್ಟು ಎದ್ದು ಬಂದಿದ್ದಾರೆ. ಒದ್ದೆ ಕೈಯಲ್ಲೇ ನನ್ನ ಮಣಿಕಟ್ಟು ಹಿಡಿದು ಪಕ್ಕಕ್ಕೆ ಸರಿಸುತ್ತಾರೆ.

"ಚೈನ್ ಕಡಿ ಕಪ್ ಬಿಚ್ಚಬೇಕಂದ್ರ ಬಿಗಿ ಮಾಡೋ ಕಡಿ ತಿರುಗಿಸಬೇಕ್ರಿ. ಇಷ್ಟೊತ್ತು ನೀವು ಬಿಚ್ಚಿಲ್ಲ, ಬಿಗಿ ಮಾಡೀರಿ."

ಮುಕ್ಕಾಲು ಗಂಟೆಯ ಬೆವರು ದಂಡ. ಗೋಡೆಗೊರಗಿ ಕೂರುತ್ತೇನೆ. ದಾವಣಗೆರೆಯ ಮಂಡಿಪೇಟೆಯ ಹಿಂದಿನ ಓಣಿ. ಆಷಾಢದ ಜಿಟಿಜಿಟಿ. ಎಂಟಡಿ ಅಗಲದ ಅಂಗಡಿಯ ತಗಡಿನ ಮಾಡಿನಿಂದ ನೀರು ಒಂದೇ ಸಮ ತೊಟ್ಟಿಕ್ಕುತ್ತಿದೆ. ಎದುರು ಮನೆಯ ಜಗಲಿಯಲ್ಲಿ ಯಾರೋ ಮಂಡಕ್ಕಿಗೆ ಒಗ್ಗರಣೆ ಹಾಕಿದ್ದಾರೆ. ಬೆಳ್ಳುಳ್ಳಿಯ ವಾಸನೆಗೂ ಇಲ್ಲಿನ ಸೀಮೆಎಣ್ಣೆಯ ವಾಸನೆಗೂ ಬಾಗಿಲಲ್ಲೇ ಜಗಳ. ತಲೆಯ ಮೇಲೆ ಬಣ್ಣ ಹೋದ ಬೋರ್ಡು: 'ಇಲ್ಲಿ ಸೈಕಲ್ ಓವರ್ ಆಯಿಲಿಂಗ್ ಮಾಡಲಾಗುವುದು'. ಇಂಗ್ಲಿಷಿನ ಓವರ್‌ಹಾಲ್ ನಮ್ಮ ಕಡೆಯ ಅಂಗಡಿಗಳಲ್ಲಿ ಎಣ್ಣೆ ಕುಡಿದು ಹೀಗಾಯಿತು. ನನ್ನನ್ನು ಕೇಳಿದರೆ ಮೂಲಕ್ಕಿಂತ ಇದೇ ಸರಿ. ಕೆಲಸ ಮುಕ್ಕಾಲುಪಾಲು ಎಣ್ಣೆಯದೇ.

ನೆಲದ ಗೋಣಿಚೀಲದ ಮೇಲೆ ಮಲಗಿರುವುದು ನನ್ನ ದೊಡ್ಡಪ್ಪನ ರ‍್ಯಾಲಿ. ಇಪ್ಪತ್ತೆರಡು ಇಂಚಿನ ಫ್ರೇಮು, ಇಪ್ಪತ್ತೆಂಟರ ಗಾಲಿ, ಕೇಬಲ್ ಇಲ್ಲದ ಸರಳಿನ ಬ್ರೇಕು. ಮುಂದಿನ ಬಿಲ್ಲೆಯಲ್ಲಿ ಕೊಕ್ಕರೆಯ ತಲೆ, ಅದರ ಸುತ್ತ ನಾಟಿಂಗ್‌ಹ್ಯಾಮ್, ಇಂಗ್ಲೆಂಡ್ ಎಂಬ ಅಕ್ಷರಗಳು. ಪೆಡಲಿನ ಹಲ್ಲುಚಕ್ರದಲ್ಲೂ ಕೊಕ್ಕರೆಗಳನ್ನೇ ಕತ್ತರಿಸಿ ಬಿಟ್ಟಿದ್ದಾರೆ; ಸೈಕಲ್ ಓಡಿದರೆ ಅವು ಒಂದರ ಬಾಲ ಒಂದು ಹಿಡಿದ ಹಾಗೆ ಸುತ್ತುತ್ತವೆ. ಚಿಕ್ಕಂದಿನಲ್ಲಿ ಒಳಪೆಡಲ್ ಹೊಡೆಯುವಾಗ ನನ್ನ ಕಣ್ಣು ಅವುಗಳ ಮೇಲೆಯೇ. ಎರಡು ಸಲ ಚರಂಡಿಗೆ ಬಿದ್ದದ್ದೂ ಅದರಿಂದಲೇ.

ಆ ಕಾಲಕ್ಕೆ ಸೈಕಲ್ ಎಂದರೆ ಅಟ್ಲಾಸ್ ಇತ್ತು, ಹೀರೋ ಇತ್ತು, ಮದ್ರಾಸಿನ ಅಂಬತ್ತೂರಿನಿಂದ ಬರುತ್ತಿದ್ದ ಹರ್ಕ್ಯುಲಿಸ್ ಇತ್ತು. ಅಸನ್ಸೋಲ್‌ನಲ್ಲಿ ಸೇನ್-ರ‍್ಯಾಲಿ ಕಾರ್ಖಾನೆಯೂ ಬಂತು. ಆದರೆ ಮದುವೆಯ ಮಾತುಕತೆಯಲ್ಲಿ ಗಂಡಿನ ಕಡೆಯವರು ಗಂಟಲು ಸರಿಮಾಡಿಕೊಂಡು ಹೇಳುತ್ತಿದ್ದ ಹೆಸರು ರ‍್ಯಾಲಿಯದೇ. ದೊಡ್ಡಪ್ಪನಿಗೂ ಇದು ಹಾಗೇ ಬಂದದ್ದು, ಒಂದು ಕೈಗಡಿಯಾರದ ಜೊತೆಗೆ. ಗಡಿಯಾರ ಯಾವಾಗ ನಿಂತಿತೋ ಯಾರಿಗೂ ನೆನಪಿಲ್ಲ. ಸೈಕಲ್ ಅವರ ನಿವೃತ್ತಿಯವರೆಗೆ ದಿನಾ ಬಾತಿಯಿಂದ ಹರಿಹರಕ್ಕೆ ಹೋಗಿ ಬಂದಿತು. ಅವರು ಕಿರ್ಲೋಸ್ಕರ್‌ನಲ್ಲಿ ಫಿಟ್ಟರ್. ಆಮೇಲೆ ಹಿತ್ತಿಲ ಹುಲ್ಲಿನ ಬಣವೆಯ ಪಕ್ಕ ಇಪ್ಪತ್ತು ವರ್ಷ.

ಚಾಚಾ ಮೊಣಕಾಲೂರಿ ಕೂತು ಪಾನಾ ಹಿಡಿಯುತ್ತಾರೆ. ಉದ್ದದ ಕೊಳವೆಯೊಂದನ್ನು ಅದರ ಬಾಲಕ್ಕೆ ಸಿಕ್ಕಿಸಿ, ಉಸಿರು ಬಿಗಿಹಿಡಿದು, ನಾನು ತಿರುಗಿಸಿದ್ದಕ್ಕೆ ವಿರುದ್ಧವಾಗಿ ಒಂದು ದೂಡು. ಒಣಗಿದ ಕಟ್ಟಿಗೆ ಸೀಳಿದಂತೆ ಸದ್ದು. ಕಪ್ ಸಡಿಲವಾಯಿತು.

ಎಡಮರೆ, ಅಂದರೆ ಎಡಕ್ಕೆ ತಿರುಗಿಸಿದರೆ ಬಿಗಿಯಾಗುವ ತಿರುಪು, ಯಾಕೆ ಎಂದು ಕೇಳಿದ್ದಕ್ಕೆ ಅವರು ಮುಷ್ಟಿಯನ್ನು ಇನ್ನೊಂದು ಅಂಗೈಯೊಳಗೆ ಸಡಿಲವಾಗಿ ಹಿಡಿದು ತಿರುಗಿಸಿ ತೋರಿಸುತ್ತಾರೆ. ಒಳಗಿನ ಅಚ್ಚು ಒಂದು ದಿಕ್ಕಿಗೆ ತಿರುಗಿದರೆ, ನಡುವೆ ಉರುಳುವ ಬಾಲ್ಸು, ಹೊರಗಿನ ಒತ್ತಡ ಎಲ್ಲ ಸೇರಿ ಕಪ್ಪನ್ನು ಇನ್ನೊಂದು ದಿಕ್ಕಿಗೆ ಎಳೆಯುತ್ತವೆ. ಬಲಗಡೆಯ ಕಪ್‌ಗೆ ಮಾಮೂಲಿ ಮರೆ ಕೊಟ್ಟರೆ ನಾಲ್ಕು ದಿನಕ್ಕೆ ತಾನೇ ಕಳಚಿಕೊಂಡು ಬರುತ್ತದೆ. ಪೆಡಲಿನ ಲೆಕ್ಕ ಬೇರೆ, ಅಲ್ಲಿ ಎಡಗಡೆಯದಕ್ಕೆ ಎಡಮರೆ. ಶಾಲೆಯಲ್ಲಿ ಭೌತಶಾಸ್ತ್ರ ಓದಿದ ನನಗೆ ಇದು ಗೊತ್ತಿರಲಿಲ್ಲ. ಏಳನೇ ಕ್ಲಾಸಿಗೆ ಬಿಟ್ಟ ಚಾಚಾಗೆ ಗೊತ್ತಿದೆ.

ಈಗ ತಗಡಿನ ತಟ್ಟೆಯಲ್ಲಿ ಸೀಮೆಎಣ್ಣೆ, ಅದರಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷು. ಒಂದೊಂದಾಗಿ ಬೀಳುತ್ತಿವೆ: ಅಚ್ಚು, ಎರಡೂ ಕ್ರ್ಯಾಂಕಿನ ಕಾಟರ್ ಪಿನ್ನುಗಳು, ಕಾಲು ಇಂಚಿನ ಬಾಲ್ಸು. ಪ್ರತಿ ಕಡೆಗೆ ಹನ್ನೊಂದು ಇರಬೇಕು, ಎಡಗಡೆ ಸಿಕ್ಕಿದ್ದು ಒಂಬತ್ತು. ಗ್ರೀಸ್ ಒಣಗಿ ಹಲ್ವದಂತಾಗಿದೆ. ಕಾಟರ್ ಪಿನ್ನುಗಳನ್ನು ನಿನ್ನೆ ರಾತ್ರಿಯೇ ಎಣ್ಣೆಯಲ್ಲಿ ನೆನೆಸಿಟ್ಟಿದ್ದರು. ಕ್ರ್ಯಾಂಕಿನ ಅಡಿಗೆ ಗಟ್ಟಿ ಕೊಳವೆ ಆನಿಸಿ, ನಟ್ಟನ್ನು ತುದಿಗೆ ತಂದು, ಒಂದೇ ಏಟಿಗೆ ಬಿಡಿಸಬೇಕು. ಸಣ್ಣಸಣ್ಣ ಏಟು ಹೊಡೆದರೆ ಪಿನ್ನಿನ ತಲೆ ಅರಳಿ ಅಲ್ಲೇ ಕೂರುತ್ತದೆ. ಆಮೇಲೆ ಡ್ರಿಲ್ಲೇ ಗತಿ.

ಅಷ್ಟರಲ್ಲಿ ಕಾಲೇಜು ಹುಡುಗನೊಬ್ಬ ಒದ್ದೆಯಾಗಿ ಬಂದು ಗೇರ್ ಸೈಕಲ್ ನಿಲ್ಲಿಸುತ್ತಾನೆ. ದಪ್ಪ ಟೈರು, ಮುಂದೆ ಶಾಕ್ ಅಬ್ಸಾರ್ಬರ್. ತುಳಿದರೆ ಕಟಕಟ ಸದ್ದು. ಚಾಚಾ ಕೂತಲ್ಲಿಂದಲೇ ಕಿವಿಗೊಟ್ಟು ಹೇಳುತ್ತಾರೆ: "ಬಿ.ಬಿ. ಹೋಗೇತಿ, ಕ್ರ್ಯಾಂಕಿನ ಅಚ್ಚು ಕೂಡ್ರೋ ಬೇರಿಂಗು. ಇದನ್ನ ಬಿಚ್ಚಂಗಿಲ್ಲ, ಒಳಗ ನೋಡಂಗಿಲ್ಲ. ಬಿಸಾಕಿ ಹೊಸಾದು ಹಾಕೋದು." ಹುಡುಗ ನಮ್ಮ ನೆಲದ ಮೇಲಿನ ಪರಿಷೆಯನ್ನು ನೋಡಿ ನಗುತ್ತಾನೆ. "ಅಂಕಲ್, ಇದನ್ನು ಮ್ಯೂಸಿಯಂಗೆ ಕೊಡಿ."

ಅವನು ಹತ್ತಿ ಬಂದ ಜಾತಿಯ ಸೈಕಲ್ ಹುಟ್ಟಿದ್ದೇ ಇಂಥ ಗುಜರಿಯಿಂದ ಎಂದು ಹೇಳಬೇಕೆನಿಸಿತು, ಹೇಳಲಿಲ್ಲ. ಎಪ್ಪತ್ತರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಹುಡುಗರು 1930ರ ದಶಕದ ಭಾರದ ಸೈಕಲ್‌ಗಳನ್ನು ಹೆಕ್ಕಿ ತಂದು ಗುಡ್ಡದ ಮೇಲಿಂದ ಇಳಿಸುತ್ತಿದ್ದರು. ಇಳಿಜಾರಿನಲ್ಲಿ ಹಿಂದಿನ ಹಬ್ಬಿನ ಬ್ರೇಕು ಕಾದು ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು, ಪ್ರತಿ ಸಲವೂ ಹೊಸ ಗ್ರೀಸ್ ತುಂಬಬೇಕಿತ್ತು. 1976ರಲ್ಲಿ ಅಲ್ಲಿ ಶುರುವಾದ ಪಂದ್ಯಕ್ಕೆ ಅದಕ್ಕೇ ರೀಪ್ಯಾಕ್ ಎಂದು ಹೆಸರು. ಓವರ್ ಆಯಿಲಿಂಗ್ ಎಂದಿದ್ದರೂ ನಡೆಯುತ್ತಿತ್ತು. ಹಳೆಯ ಫ್ರೇಮುಗಳು ಮುರಿಯತೊಡಗಿದಾಗ 1977ರಲ್ಲಿ ಜೋ ಬ್ರೀಝ್ ಎಂಬಾತ ಉಕ್ಕಿನ ಕೊಳವೆಗಳನ್ನು ತಾನೇ ಬೆಸೆದು ಗುಡ್ಡಕ್ಕೆಂದೇ ಒಂದು ಸೈಕಲ್ ಕಟ್ಟಿದ. ಕೈಯಲ್ಲಿ ಕಟ್ಟಿದ ಆ ಮೊದಲನೆಯದು ಈಗ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್‌ನಲ್ಲಿದೆ. ಹುಡುಗನ ಮಾತು ಒಂದರ್ಥದಲ್ಲಿ ಸರಿಯೇ.

ನನ್ನದು ಕೈಯಲ್ಲಿ ಕಟ್ಟಿದ್ದಲ್ಲ, ಕಾರ್ಖಾನೆಯ ಸಾಲಿನಲ್ಲಿ ಸಾವಿರಗಳ ನಡುವೆ ಒಂದಾಗಿ ಬಂದದ್ದು. ಹಾಗಂತ ಆ ಮಧ್ಯಾಹ್ನದವರೆಗೆ ನಂಬಿದ್ದೆ.

ಎಡಗಡೆಯ ಕಪ್ ಸುಲಭವಾಗಿ ಬಂತು. ಒರೆಸಿ ಬೆಳಕಿಗೆ ಹಿಡಿದರೆ ಒಳಗೆ ಬಾಲ್ಸು ಓಡುವ ಹಾದಿಯೆಲ್ಲ ಸಿಡುಬು ಬಂದ ಮುಖದಂತೆ ಕುಳಿಬಿದ್ದಿದೆ. ಚಾಚಾ ಒಳಗಿನ ಡಬ್ಬದಿಂದ ಹೊಸ ಕಪ್ ತೆಗೆದು ಫ್ರೇಮಿಗೆ ಇಟ್ಟರು. ಒಂದು ಸುತ್ತು ಹೋಯಿತು, ಒಂದೂವರೆಗೆ ಕಚ್ಚಿ ನಿಂತಿತು. ಇನ್ನೊಂದು ಕಂಪನಿಯದು ತೆಗೆದರು. ಅದೂ ಅಷ್ಟೇ. ಬಲವಂತ ಮಾಡಲಿಲ್ಲ, ಅದು ಅವರ ಹಿರಿಮೆ. ಎರಡನ್ನೂ ಕಿಟಕಿಗೆ ಹಿಡಿದು, ಮರೆಗೆ ಮರೆ ಕೂರಿಸಿ ನೋಡಿದರು. ಹಲ್ಲುಗಳು ಒಂದರೊಳಗೊಂದು ಕೂರುತ್ತಿಲ್ಲ. ನಡುವೆ ಬೆಳಕು ತೂರಿ ಬರುತ್ತಿದೆ.

"ರ‍್ಯಾಲಿದು ಮರೆ ಸಣ್ಣ. ಊರಿಗೆಲ್ಲ ಒಂದು ದಾರಿ ಆದ್ರ ಇವ್ನಿಗೇ ಒಂದು ದಾರಿ."

ಬಜಾರಿನಲ್ಲಿ ಸಿಗುವ ಕಪ್‌ಗಳಿಗೆ ಇಂಚಿಗೆ 24 ಮರೆ. ನಾಟಿಂಗ್‌ಹ್ಯಾಮ್‌ನ ರ‍್ಯಾಲಿಯವರು ತಮ್ಮದೇ ಹಟಕ್ಕೆ ಬಿದ್ದು 26 ಇಟ್ಟುಕೊಂಡಿದ್ದರು. ತಮ್ಮ ಸೈಕಲ್‌ಗೆ ತಮ್ಮ ಅಂಗಡಿಯ ಸಾಮಾನೇ ಬೇಕಾಗಲಿ ಎಂಬ ವ್ಯಾಪಾರಿ ಬುದ್ಧಿ ಅದರಲ್ಲಿ ಇದ್ದೀತು ಎಂದು ನನ್ನ ಗುಮಾನಿ. ಇಂಚಿಗೆ ಎರಡೇ ಎರಡು ಮರೆಯ ವ್ಯತ್ಯಾಸ. ಅಷ್ಟಕ್ಕೆ ಇಪ್ಪತ್ತು ಕಿಲೋ ಉಕ್ಕು ಗೋಣಿಚೀಲದ ಮೇಲೆ ಮಲಗಿದೆ.

"ಹರಿಹರಕ್ಕ ಹೋಗ್ರಿ," ಅಂದರು ಚಾಚಾ. "ಅಲ್ಲಿ ಟರ್ನರ್ ಮಂದಿ ಇನ್ನಾ ಅದಾರ. ಫ್ರೇಮ್ ಒಯ್ರಿ, ಬರೀ ಕಪ್ ಒಯ್ದ್ರ ಮಾಡಿಕೊಡಲ್ಲ."

*

ಬೋಳು ಫ್ರೇಮನ್ನು ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದರೆ ಜನ ದಾರಿ ಬಿಡುತ್ತಾರೆ. ಬಹುಶಃ ಕರುಣೆಯಿಂದ. ಹಿಂದಿನ ಸೀಟಿನ ಅಜ್ಜಿಯೊಬ್ಬರು ತಮ್ಮ ಕುಕ್ಕೆಯನ್ನು ಕಾಲಡಿಗೆ ಎಳೆದುಕೊಂಡು ಜಾಗ ಮಾಡಿಕೊಟ್ಟರು. "ಯಪ್ಪಾ, ಗಾಲಿ ಎಲ್ಲೋದ್ವು?" ಎಂದು ಕೇಳಿದರು. ಬಿಚ್ಚಿಟ್ಟಿದ್ದೇನೆ ಎಂದೆ. ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ.

ಪಿ.ಬಿ. ರಸ್ತೆ. ಬಾತಿ ಕೆರೆ ಮಳೆಯ ಪರದೆಯ ಹಿಂದೆ ಮಸುಕಾಗಿ ಸರಿದುಹೋಗುತ್ತದೆ, ಅದರ ಹಿಂದೆ ಗುಡ್ಡ. ದೊಡ್ಡಪ್ಪನಿಗೆ ಇದು ದಿನದ ದಾರಿ. ಬೆಳಿಗ್ಗೆ ಹರಿಹರದ ಕಡೆ ಹೋಗುವಾಗ ಪಡುಗಾಳಿ ಎದೆಗೆ, ಸಂಜೆ ಬರುವಾಗ ಬೆನ್ನಿಗೆ. "ದೇವರು ಕಾರ್ಖಾನಿ ಕೆಲಸದೋರ ಕಷ್ಟ ನೋಡೇ ಗಾಳಿ ಹಿಂಗ ಇಟ್ಟಾನ" ಅನ್ನುತ್ತಿದ್ದರು.

ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾದದ್ದು 1941ರಲ್ಲಿ. ಲೇತು ಮಾಡುವ ಕಾರ್ಖಾನೆ. ಲೇತು ಎಂದರೆ ಯಂತ್ರಗಳ ತಾಯಿ. ಉಳಿದ ಯಂತ್ರಗಳ ಬಿಡಿಭಾಗ ಕಡೆಯುವ ಯಂತ್ರ. ಟರ್ನ್‌ಮಾಸ್ಟರ್ ಎಂಬ ಹೆಸರು ಹೇಳಿದರೆ ಇವತ್ತಿಗೂ ದೇಶದ ಯಾವ ಮೂಲೆಯ ಟರ್ನರ್ ಆದರೂ ತಲೆ ಆಡಿಸುತ್ತಾನೆ. ಈ ಶತಮಾನದ ಶುರುವಿನಲ್ಲಿ ಬಾಗಿಲು ಬಿತ್ತು. ಯಾಕೆ ಬಿತ್ತು ಎಂದು ಹರಿಹರದ ಯಾವ ಚಹಾದಂಗಡಿಯಲ್ಲಿ ಕೇಳಿದರೂ ಒಂದೊಂದು ಕಡೆ ಒಂದೊಂದು ಉತ್ತರ ಸಿಗುತ್ತದೆ. ಆ ಗೋಜಿಗೆ ನಾನು ಹೋಗುವುದಿಲ್ಲ.

ಆದರೆ ಒಂದು ಸಂಗತಿ ಫ್ರೇಮು ತೊಡೆಯ ಮೇಲಿಟ್ಟುಕೊಂಡು ಕೂತಾಗ ಮತ್ತೆಮತ್ತೆ ನೆನಪಾಗುತ್ತದೆ. ಕಿರ್ಲೋಸ್ಕರ್ ಮನೆತನದ ಉದ್ಯಮ ಶುರುವಾದದ್ದೇ ಸೈಕಲ್‌ನಿಂದ. ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ. ಮುಂಬಯಿಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಮೇಷ್ಟ್ರು. ಅಲ್ಲಿಂದ ಸೈಕಲ್ ಕೊಂಡು ಕಳಿಸುವುದು, ಬೆಳಗಾವಿಯಲ್ಲಿ ಅಣ್ಣ ರಾಮುಅಣ್ಣ ಅವನ್ನು ಮಾರುವುದು. 1888ರಲ್ಲಿ ಅಂಗಡಿಗೆ ಹಾಕಿದ ಹೆಸರು ಕಿರ್ಲೋಸ್ಕರ್ ಬ್ರದರ್ಸ್. ಆಮೇಲೆ ಕಬ್ಬಿಣದ ನೇಗಿಲು ಬಂತು, ಮೇವು ಕತ್ತರಿಸುವ ಯಂತ್ರ ಬಂತು, 1910ರಲ್ಲಿ ಕಿರ್ಲೋಸ್ಕರ್‌ವಾಡಿ ಬಂತು, ಕೊನೆಗೆ ತುಂಗಭದ್ರೆಯ ದಡಕ್ಕೆ ಲೇತು. ಅಂದರೆ ಸೈಕಲ್ ಮಾರಿದವರು ಲೇತು ಮಾಡಿದರು. ನಾನೀಗ ಸೈಕಲ್ ಹೊತ್ತುಕೊಂಡು ಲೇತು ಹುಡುಕಲು ಹೊರಟಿದ್ದೇನೆ.

*

ಹರಿಹರದಲ್ಲಿ ಸಿಕ್ಕ ಟರ್ನರ್ ಯಜಮಾನರ ಶೆಡ್ಡಿನಲ್ಲಿ ಮೊದಲು ಮೂಗಿಗೆ ಬಡಿಯುವುದು ಬಿಸಿ ಎಣ್ಣೆ. ಆಮೇಲೆ ಕಣ್ಣು ಕತ್ತಲೆಗೆ ಹೊಂದಿಕೊಂಡಂತೆ ಒಂದೊಂದೇ ಕಾಣುತ್ತದೆ: ಟ್ರಾಕ್ಟರಿನ ಪಿನ್ನುಗಳು, ಬೋರ್‌ವೆಲ್ ಪಂಪಿನ ಅಚ್ಚು, ಕಬ್ಬಿನ ಗಾಣದ ಹಲ್ಲುಚಕ್ರ, ಗೋಡೆಯಲ್ಲಿ ಕುಂಕುಮ ಮೆತ್ತಿದ ಹರಿಹರೇಶ್ವರ. ನಡುವೆ ಲೇತು. ಹಸಿರು ಬಣ್ಣ ಹೋಗಿ ಎಣ್ಣೆಯ ಕರಿ ಹಿಡಿದಿದೆ, ತಲೆಯ ಮೇಲೆ ಉಬ್ಬಿದ ಅಕ್ಷರದಲ್ಲಿ ಕಿರ್ಲೋಸ್ಕರ್. ಯಜಮಾನರಿಗೆ ಎಪ್ಪತ್ತು ದಾಟಿರಬೇಕು. ಬಲಗೈಯ ತೋರುಬೆರಳು ಅರ್ಧ ಮಾತ್ರ.

ಅವರು ನನ್ನನ್ನು ನೋಡಲಿಲ್ಲ, ಫ್ರೇಮನ್ನು ನೋಡಿದರು.

"ಬಾ ತಮ್ಮಾ. ರ‍್ಯಾಲಿ ತಂದೀಯಾ."

ಹಳೆಯ ಕಪ್ಪನ್ನು ಅವರ ಕೈಗಿಟ್ಟೆ. ಕನ್ನಡಕ ಹಣೆಗೇರಿಸಿ, ಕಣ್ಣಿನ ಹತ್ತಿರ ತಂದು ನಿಧಾನವಾಗಿ ತಿರುಗಿಸಿದರು. ಅರ್ಧ ಬೆರಳನ್ನು ಒಳಗೆ ಆಡಿಸಿದರು. ಮತ್ತೆ ಹೊರಗೆ. ನಾನು ರ‍್ಯಾಲಿಯ ಒರಿಜಿನಲ್ ಕಪ್, ನಾಟಿಂಗ್‌ಹ್ಯಾಮ್‌ದು, ಅದೇ ಥರ ಇನ್ನೊಂದು ಬೇಕು ಎಂದು ಕಥೆ ಶುರುಮಾಡಿದ್ದೆ.

"ಇದು ಒರಿಜಿನಲ್ ಅಲ್ಲ."

"ಅಲ್ವಾ?"

"ಇದನ್ನ ಯಾರೋ ಕೈಯಾಗ ಮಾಡ್ಯಾರ."

ಬಾಗಿಲ ಬೆಳಕಿಗೆ ಕರೆದೊಯ್ದು ತೋರಿಸಿದರು. ಕಂಪನಿಯ ಗುರುತು ಎಲ್ಲೂ ಇಲ್ಲ. ಪಾನಾ ಹಿಡಿಯಲು ಅಂಚಿನಲ್ಲಿ ಎರಡು ಕಡೆ ಚಪ್ಪಟೆ ಮಾಡಿದ್ದಾರೆ, ಅಲ್ಲಿ ಅರದ ಗೆರೆಗಳು ಓರೆಯಾಗಿ ಇನ್ನೂ ಇವೆ. ಒಂದು ಬದಿಗಿಂತ ಇನ್ನೊಂದು ಬದಿ ಉಗುರಿನಷ್ಟು ಹೆಚ್ಚು ತಗ್ಗು. ಮುಖದ ಮೇಲೆ ಕಡೆಯುವ ಉಳಿ ಬಿಟ್ಟ ಸುತ್ತುಗೆರೆ, ಗ್ರಾಮಫೋನ್ ತಟ್ಟೆಯಂತೆ. ಇಷ್ಟು ದಿನ ಅದನ್ನು ನಾನು ತುಕ್ಕು ಎಂದುಕೊಂಡಿದ್ದೆ.

"ಕಡದವ ಟರ್ನರ್. ಅರ ಹಾಕಿದವ ಬ್ಯಾರೆ. ಫಿಟ್ಟರ್ ಕೈ ಅದು. ಟರ್ನರ್ ಹಿಂಗ ಅರ ಹಾಕಲ್ಲ."

ದೊಡ್ಡಪ್ಪ ಫಿಟ್ಟರ್ ಆಗಿದ್ದರು ಎಂದೆ. ಹೆಸರು ಹೇಳಿದೆ. ಯಜಮಾನರು ಸ್ವಲ್ಪ ಹೊತ್ತು ಮಳೆ ನೋಡಿದರು. ಸಾವಿರಾರು ಮಂದಿ ಇದ್ದ ಕಡೆ ಹೆಸರು ನೆನಪಿರುವುದಿಲ್ಲ ಎಂದರು. "ಯಾರ ಕೈ ಅಂತ ಹೇಳಾಕ ಬರಲ್ಲ. ಯಾಕ ಮಾಡಿದ್ರು ಅಂತ ಹೇಳಬಹುದು. ಅವನಿಗೂ ಇಪ್ಪತ್ತಾರು ಸಿಕ್ಕಿಲ್ಲ."

ಅಲ್ಲಿಯವರೆಗೆ ನನ್ನ ತಲೆಯಲ್ಲಿ ಒಂದು ಚಿತ್ರವಿತ್ತು: ಈ ಸೈಕಲ್ ಅಂಗಡಿಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗೆ ಮಾಡುವುದು. ಕರಿ ಎನಾಮೆಲ್, ಬಂಗಾರದ ಗೆರೆ, ಹೊಸ ಸ್ಟಿಕ್ಕರ್ ಕೂಡ ಹುಡುಕಿದ್ದೆ. ಆ ಚಿತ್ರ ಶೆಡ್ಡಿನ ಬಾಗಿಲಲ್ಲೇ ಕಳಚಿ ಬಿತ್ತು. ಹೊಸದಿದ್ದಾಗಿನ ಸೈಕಲ್ ದೊಡ್ಡಪ್ಪನ ಸೈಕಲ್ಲೇ ಅಲ್ಲ. ಅದು ಅಂಗಡಿಯವನದು.

ಯಜಮಾನರು ಎರಡು ದಾರಿ ಹೇಳಿದರು. ಫ್ರೇಮಿನ ಒಳಮರೆಯನ್ನು ಕೊರೆದು ತೆಗೆದು, ಒಳಗೊಂದು ಬುಷ್ ಬೆಸೆದು, ಅದರಲ್ಲಿ 24 ಮರೆ ಹಾಕುವುದು. ಮುಂದೆ ಎಂದೂ ತೊಂದರೆಯಿಲ್ಲ, ಯಾವ ಬಜಾರಿನ ಕಪ್ ಆದರೂ ಕೂರುತ್ತದೆ. ಇಲ್ಲವೇ 26ರ ಕಪ್ ಕಡೆಯುವುದು. ಮುಂದೆ ಸವೆದರೆ ಮತ್ತೆ ಇಲ್ಲಿಗೇ ಬರಬೇಕು. "ಆಗ ನಾ ಇರ್ತೀನೋ ಇಲ್ಲೋ."

ಎರಡನೆಯದು ಎಂದೆ.

ಕಪಾಟಿನಿಂದ ದಪ್ಪ ಸರಳೊಂದು ಬಂತು, ಬೇರಿಂಗ್ ಮಾಡುವ ಜಾತಿಯ ಉಕ್ಕು. ಗರಗಸದಲ್ಲಿ ಎರಡು ಬೆರಳಗಲ ಕೊಯ್ದು ಚಕ್ಕಿಗೆ ಕಚ್ಚಿಸಿದರು. ಸ್ವಿಚ್ಚು ಒತ್ತಿದೊಡನೆ ಶೆಡ್ಡಿನ ನೆಲ ಗುಂಯ್‌ಗುಟ್ಟಿತು. ಉಳಿ ಉಕ್ಕಿಗೆ ತಾಗಿದ್ದೇ ತಡ ನೀಲಿ ಸುರುಳಿ ಚಿಮ್ಮಿ ಬಂದು ನನ್ನ ಚಪ್ಪಲಿಯ ಹತ್ತಿರ ಬಿತ್ತು. ಎತ್ತಿಕೊಳ್ಳಲು ಬಗ್ಗಿದೆ. "ಮುಟ್ಟಬ್ಯಾಡ!" ಅವರ ಅರ್ಧ ಬೆರಳು ಎದ್ದಿತು. ಮತ್ತೆ ಹೇಳಬೇಕಾಗಲಿಲ್ಲ.

ಹೊರಮೈ ಒಂದು ಇಂಚು ಮೂರು ದಾರಕ್ಕೆ, ಅಂದರೆ 35 ಮಿಲಿಮೀಟರಿಗೆ ಕೂದಲೆಳೆ ಕಡಿಮೆ. ಅಳತೆ ನೋಡಿ, ಕೆರೆದು, ಮತ್ತೆ ಅಳತೆ. ಒಳಗೆ ಅಚ್ಚು ಹಾಯುವ ತೂತು, ಅದರ ಸುತ್ತ ಬಾಲ್ಸು ಕೂರುವ ಬಾಗು. ಬಾಗಿಗೆ ಬೇರೆಯೇ ಉಳಿ. ತುದಿ ಗುಂಡಗೆ ಮಸೆದು, ಕಾಲಿಂಚಿನ ಬಾಲ್ ಒಂದನ್ನು ಬೆಳಕಿಗೆ ಹಿಡಿದು ಹೋಲಿಸಿ, ಮತ್ತೆ ಮಸೆದರು. ಇದಕ್ಕೇ ಅರ್ಧ ಗಂಟೆ ಹಿಡಿಯಿತು. ಆಮೇಲೆ ಮರೆ. ಉಳಿಯ ತುದಿಯನ್ನು 60 ಡಿಗ್ರಿಗೆ ಮಸೆದರು. "ಪೈಪಿಗೆ ಐವತ್ತೈದು, ಸೈಕಲ್ಲಿಗೆ ಅರವತ್ತು. ಇದು ಗೊತ್ತಿಲ್ಲದೋರು ಮಾಡಿದ್ದು ಕೂಡ್ರುತ್ತ, ಆದ್ರ ನಿಲ್ಲಲ್ಲ."

ಹಿಡಿಕೆಗಳನ್ನು ಸರಿಸಿ 26ಕ್ಕೆ ಹೊಂದಿಸಿದ ಮೇಲೆ ಲೇತಿನ ಸದ್ದೇ ಬದಲಾಯಿತು. ಗಡುಸಾಗಿ ಕೂಗುತ್ತಿದ್ದದ್ದು ಈಗ ಗುನುಗತೊಡಗಿತು. ಚಕ್ಕು ನಿಧಾನಕ್ಕೆ ತಿರುಗುತ್ತಿದೆ, ಉಳಿ ತಾನಾಗಿಯೇ ಎಡಕ್ಕೆ ನಡೆಯುತ್ತಿದೆ. ಮೊದಲ ಸುತ್ತಿಗೆ ಬರೀ ಗೀರು. ಎಲೆಗಳ ಗೊಂಚಲಿನಂಥ ಪಿಚ್ ಗೇಜಿನಿಂದ 26ರ ಎಲೆ ಬಿಡಿಸಿ ಗೀರಿನ ಮೇಲಿಟ್ಟರು. ಕೂತಿತು. ಹನ್ನೆರಡು ಸಲ ಉಳಿ ಹೋಗಿ ಬಂತು. ಪ್ರತಿ ಸಲ ಬ್ರಷ್ಷಿನಿಂದ ಎಣ್ಣೆ. ಕೊನೆಯ ಮೂರು ಸಲ ಏನನ್ನೂ ಕೆರೆಯುತ್ತಿಲ್ಲವೇನೋ ಅನ್ನಿಸುವಷ್ಟು ತೆಳು. ನಾನು ಫ್ರೇಮು ಎತ್ತಿ ಹಿಡಿದೆ, ಅವರು ಚಕ್ಕಿನಲ್ಲಿದ್ದ ಕಪ್ಪಿಗೇ ಅದನ್ನು ತಿರುಗಿಸಿದರು. ಒಂದು ಸುತ್ತು. ಒಂದೂವರೆ. ನಾನು ಉಸಿರು ಹಿಡಿದೆ. ಎರಡು, ಮೂರು, ನಾಲ್ಕು. ಬೆಣ್ಣೆ ದೋಸೆಯ ಮೇಲೆ ಬೆಣ್ಣೆ ಜಾರಿದ ಹಾಗೆ.

ಹದ ಹಾಕುವುದು ಬಾಕಿ. ಹದವಿಲ್ಲದ ಉಕ್ಕಿನ ಮೇಲೆ ಬಾಲ್ಸು ಓಡಿದರೆ ತಿಂಗಳಿಗೆ ಕುಳಿ. ಗ್ಯಾಸಿನ ಉರಿಗೆ ಹಿಡಿದ ಕಪ್ ಮೊದಲು ಕಂದಾಯಿತು, ಆಮೇಲೆ ಹಣ್ಣು ಮೆಣಸಿನಕಾಯಿಯ ಕೆಂಪು. ನಡುನಡುವೆ ದಾರಕ್ಕೆ ಕಟ್ಟಿದ ಅಯಸ್ಕಾಂತದ ಚೂರನ್ನು ತಾಗಿಸಿ ನೋಡುತ್ತಿದ್ದರು. ಕಬ್ಬಿಣ ಸುಮಾರು 770 ಡಿಗ್ರಿ ದಾಟಿದರೆ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಶೆಡ್ಡಿನಲ್ಲಿ ಇದಕ್ಕಿಂತ ಒಳ್ಳೆಯ ಉಷ್ಣಮಾಪಕ ಬೇಕಿಲ್ಲ. ಅಂಟುವುದು ನಿಂತ ಮೇಲೂ ಇನ್ನೊಂದಿಷ್ಟು ಕಾಯಿಸಿ, ಇಕ್ಕಳದಲ್ಲಿ ಹಿಡಿದು ಎಣ್ಣೆಯ ಡಬ್ಬಕ್ಕೆ ಇಳಿಸಿದರು. ಬುಸ್ಸೆಂದು ಎದ್ದ ಬಿಳಿ ಹೊಗೆಯಲ್ಲಿ ಹರಿಹರೇಶ್ವರ ಮರೆಯಾದ.

ಈಗ ಅದು ಗಾಜಿನಷ್ಟು ಗಡುಸು, ಗಾಜಿನಷ್ಟೇ ಪೆಳಸು. ಉಜ್ಜಿ ಹೊಳಪು ಮಾಡಿ ಸಣ್ಣ ಉರಿಯಲ್ಲಿ ಮತ್ತೆ ಬಿಸಿ ಮಾಡಬೇಕು. ಬಿಳಿ ಮೈ ಮೇಲೆ ಹಣ್ಣಾದ ಭತ್ತದ ಹುಲ್ಲಿನ ಬಣ್ಣ ಹರಿದುಬಂದ ಕ್ಷಣವೇ ತೆಗೆದುಬಿಟ್ಟರು. ಆರಿದ ಮೇಲೆ ಅರ ಕೊಟ್ಟು ಉಜ್ಜು ಎಂದರು. ಉಜ್ಜಿದೆ. ಅರ ಜಾರಿಹೋಯಿತು, ಕಚ್ಚಲಿಲ್ಲ.

"ಬಲಗಡಿ ಕಪ್ ಅವನದೇ ಐತಲ್ಲ?"

"ಹೌದು, ನಾಟಿಂಗ್‌ಹ್ಯಾಮ್‌ದೇ."

"ಬಲಕ್ಕ ಹರ, ಎಡಕ್ಕ ಹರಿ. ಒಳಗ ಅಚ್ಚು ಒಂದೇ." ನಕ್ಕರು. ಹೊಯ್ಸಳ ನರಸಿಂಹನ ದಂಡನಾಯಕ ಪೊಲಾಳ್ವ 1224ರಲ್ಲಿ ಕಟ್ಟಿಸಿದ ಗುಡಿ ಅಲ್ಲಿಂದ ನಡೆದು ಹೋಗುವಷ್ಟು ದೂರ. ಅರ್ಧ ಶಿವ ಅರ್ಧ ವಿಷ್ಣುವಾದ ಮೂರ್ತಿಯನ್ನು ಹುಟ್ಟಿದಾಗಿನಿಂದ ನೋಡಿದ ಊರಿನವರ ಬಾಯಲ್ಲಿ ಈ ಮಾತು ಸಲೀಸು.

ಮುನ್ನೂರು ರೂಪಾಯಿ ಕೇಳಿದರು. ಐನೂರು ಕೊಟ್ಟರೆ ಇನ್ನೂರು ವಾಪಸು ಮಾಡಿದರು. ಹಳೆಯ ಕಪ್ಪನ್ನು ಗುಜರಿ ಡಬ್ಬಕ್ಕೆ ಹಾಕಲೇ ಎಂದು ಕೇಳಲಿಲ್ಲ. ಒರೆಸಿ ನನ್ನ ಅಂಗಿಯ ಜೇಬಿಗೆ ತಾವೇ ಹಾಕಿದರು.

*

ಉಳಿದದ್ದು ಚಾಚಾನ ಅಂಗಡಿಯಲ್ಲಿ ನಾಲ್ಕು ಸಂಜೆಯ ಕೆಲಸ. ಹಿಂದಿನ ಗಾಲಿಗೆ ನಲವತ್ತು ಕಡ್ಡಿ, ಮುಂದಿನದಕ್ಕೆ ಮೂವತ್ತೆರಡು. ಭಾರವೆಲ್ಲ ಹಿಂದೆ ಬೀಳುತ್ತದೆಂದು ಇಂಗ್ಲೆಂಡಿನವರು ಮಾಡಿದ ಲೆಕ್ಕ ನಮ್ಮ ಅಕ್ಕಿ ಮೂಟೆಗಳಿಗೆ ಸರಿಹೋಯಿತು. ಬೆಂಡು ತೆಗೆಯುವಾಗ ಚಾಚಾ ಕಣ್ಣು ಮುಚ್ಚಿರುತ್ತಾರೆ. ಗಾಲಿ ತಿರುಗಿಸಿ ಉಗುರನ್ನು ರಿಮ್ಮಿನ ಹತ್ತಿರ ಹಿಡಿದು, ಎಲ್ಲಿ ತಾಗಿತು ಎಂದು ಕೇಳಿಸಿಕೊಂಡು, ನಿಪ್ಪಲ್ಲನ್ನು ಕಾಲು ಸುತ್ತು ತಿರುಗಿಸುತ್ತಾರೆ. ಕಡ್ಡಿಗಳನ್ನು ಮೀಟಿದರೆ ಒಂದೇ ಶ್ರುತಿ ಬರಬೇಕು.

ಬಣ್ಣದ ವಿಷಯಕ್ಕೆ ಮಾತ್ರ ನಮ್ಮಿಬ್ಬರಿಗೂ ಜಟಾಪಟಿಯಾಯಿತು.

"ಪೌಡರ್ ಕೋಟಿಂಗ್ ಕೊಟ್ಟುಬಿಡ್ರಿ ಸರ. ಮದುಮಗ ಆದಂಗ ಆಗ್ತತಿ."

"ಬೇಡ ಚಾಚಾ. ತುಕ್ಕು ತೆಗೆಯೋಣ, ಎಣ್ಣೆ ಹಚ್ಚೋಣ, ಅಷ್ಟೇ."

"ಇಷ್ಟು ಖರ್ಚು ಮಾಡಿ ಹಳೇದೇ ಕಾಣ್ಸಬೇಕಾ?"

ಮರಳು ಹೊಡೆಸಿದರೆ ಮೇಲಿನ ಕೊಳವೆಯಲ್ಲಿ ದೊಡ್ಡಪ್ಪನ ಊಟದ ಡಬ್ಬಿಯ ಹಿಡಿ ಉಜ್ಜಿ ಉಜ್ಜಿ ಮಾಡಿದ ಬೆಳ್ಳಿಗೆರೆ ಹೋಗುತ್ತದೆ. ಅದನ್ನು ತೋರಿಸಿದೆ. ಚಾಚಾ ಬಗ್ಗಿ ನೋಡಿ, ಏನೂ ಹೇಳದೆ ಒಳಗೆ ಹೋಗಿ ಉಪ್ಪುಕಾಗದದ ಬದಲು ಹಳೆಯ ಲುಂಗಿಯ ಚೂರು ತಂದರು. ಕ್ರೋಮಿನ ತುಕ್ಕಿಗೆ ಸಿಗರೇಟು ಪ್ಯಾಕಿನ ಬೇಗಡೆಯನ್ನು ನೀರಿಗದ್ದಿ ಉಜ್ಜಿದೆವು, ಚಕಚಕ ಬಂತು. ಸೈಕಲ್ಲಿಗೂ ತೆರಿಗೆ ಕಟ್ಟುತ್ತಿದ್ದ ಕಾಲದ ಪುರಸಭೆಯ ಹಿತ್ತಾಳೆ ಬಿಲ್ಲೆಗೆ ಹುಣಸೆಹಣ್ಣು. ಅಂಕಿಗಳು ಸವೆದಿವೆ, ಓದಲು ಬರುವುದಿಲ್ಲ.

ಕೊನೆಯ ಸಂಜೆ ಹೊಸ ಕಪ್ ಹೋಯಿತು. ಗ್ರೀಸಿನ ಹಾಸಿಗೆಯಲ್ಲಿ ಹನ್ನೊಂದು ಬಾಲ್ಸು, ಒಂದೊಂದಾಗಿ, ನಾನೇ ಕೂರಿಸಿದೆ. ಅಚ್ಚು ತಿರುಗಿಸಿದರೆ ಸದ್ದಿಲ್ಲ. ಚಾಚಾ ಕಿವಿಯನ್ನೇ ಫ್ರೇಮಿಗಿಟ್ಟು ಕೇಳಿದರು. "ಹ್ಞೂಂ," ಅಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

*

ಭಾನುವಾರ. ಹರಿಹರಕ್ಕೆ ಹೋಗುವಾಗ ಗಾಳಿ ಎದೆಗೇ ಇತ್ತು, ಬಾತಿ ಏರಿನಲ್ಲಿ ಇಳಿದು ತಳ್ಳಿದೆ. ಹದಿನಾಲ್ಕು ಕಿಲೋಮೀಟರಿಗೆ ಒಂದೂಕಾಲು ಗಂಟೆ. ಯಜಮಾನರ ಶೆಡ್ಡಿಗೆ ಬೀಗ. ಯಾವುದೋ ಮದುವೆಗೆ ಹೋಗಿದ್ದಾರಂತೆ. ಬಾಗಿಲ ಮುಂದೆ ಸೈಕಲ್ ನಿಲ್ಲಿಸಿ, ಪಕ್ಕದಂಗಡಿಯಲ್ಲಿ ಚಹಾ ಕುಡಿದು ಹೊರಟೆ.

ವಾಪಸು ಬರುವಾಗ ಗಾಳಿ ಬೆನ್ನಿಗೆ ಬಿತ್ತು. ತುಳಿಯುವ ಕೆಲಸವೇ ಇಲ್ಲ. ಚರ್ಮದ ಸೀಟಿನ ಸ್ಪ್ರಿಂಗು ಕಿರ್ ಎನ್ನುತ್ತದೆ, ಕೊಕ್ಕರೆಗಳು ಕೆಳಗೆ ಸುತ್ತುತ್ತಿವೆ, ಲಾರಿಗಳು ಹಾರ್ನ್ ಹೊಡೆದು ಪಕ್ಕದಲ್ಲೇ ನುಗ್ಗುತ್ತವೆ. ಬಾತಿಯಲ್ಲಿ ದೊಡ್ಡಮ್ಮ ಗೇಟಿನ ಹತ್ತಿರ ನಿಂತಿದ್ದರು. ನಾನು ಬೆಲ್ ಹೊಡೆಯುವ ಮೊದಲೇ ತಿರುಗಿ ನೋಡಿದರು. ಬ್ರೇಕಿನ ಸರಳುಗಳ ಗಿಲಗಿಲ ಸದ್ದಿಗೆ ಇರಬೇಕು. ಒಳಗೆ ಕರೆದು ಮಂಡಕ್ಕಿ ಉಸುಳಿ ಕೊಟ್ಟರು, ಸೈಕಲ್ ಬಗ್ಗೆ ಏನೂ ಕೇಳಲಿಲ್ಲ. ಹೊರಡುವಾಗ ಸೀಟಿನ ಮೇಲೊಮ್ಮೆ ಕೈಯಿಟ್ಟು, "ಮಳಿಗೆ ನಿಲ್ಲಿಸಬ್ಯಾಡ" ಎಂದರು.

ಹಳೆಯ ಕಪ್ ಸೀಟಿನ ಹಿಂದಿನ ಚರ್ಮದ ಚೀಲದಲ್ಲಿದೆ, ಪಾನಾದ ಜೊತೆ. ಮೊದಲ ನೂರು ಕಿಲೋಮೀಟರ್ ಓಡಿದ ಮೇಲೆ ಕಾಟರ್ ಪಿನ್ನಿನ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಬೇಕು ಎಂದು ಚಾಚಾ ಹೇಳಿದ್ದಾರೆ. ಇವತ್ತಿಗೆ ಮೂವತ್ತೆಂಟು ಆಗಿದೆ.